ಇಸಕೊಳ್ಳುವ ಕೈ



1949ರಲ್ಲಿ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿತು. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮರ ಆಳ್ವಿಕೆ ಮುಗಿದಿತ್ತು. ನಿಜಾಮರ ಪರ ನಿಂತಿದ್ದ ರಜಾಕಾರರ ಹಾವಳಿಯ ಗಾಯ ಹಸಿಯಾಗಿತ್ತು, ಆಮೇಲೆ ನಡೆದ ಸೇಡಿನ ಗಾಯವೂ ಹಸಿಯಾಗಿತ್ತು. ರಾಯಚೂರು, ಮಾನ್ವಿ, ದೇವದುರ್ಗ, ಗುಂಜಹಳ್ಳಿ ಎಲ್ಲವೂ ಆಗ ಹೈದರಾಬಾದು ಸಂಸ್ಥಾನದ ನೆಲವೇ. ಕಚೇರಿಗೆ ಹೋದರೆ ಉರ್ದು, ಮನೆಗೆ ಬಂದರೆ ಕನ್ನಡ ಅಥವಾ ತೆಲುಗು. ಯಾವ ಧರ್ಮದವರು ಯಾರ ಮಗ್ಗುಲಲ್ಲಿ ಕೂಡಬೇಕು ಎಂದು ಜನ ಹಿಂದೆ ಮುಂದೆ ನೋಡುತ್ತಿದ್ದ ಕಾಲ ಅದು. ಅಂಥ ಹೊತ್ತಿನಲ್ಲಿ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕೂತವರು ಒಬ್ಬ ಕ್ರೈಸ್ತ ಪಾದ್ರಿ: ರೆವರೆಂಡ್ ಉತ್ತಂಗಿ ಚನ್ನಪ್ಪ.

ಉತ್ತಂಗಿಯವರು ಹುಟ್ಟಿದ್ದು 1881ರಲ್ಲಿ, ಧಾರವಾಡದಲ್ಲಿ. ಹಿರೀಕರ ಊರು ಹೂವಿನಹಡಗಲಿ ಸೀಮೆಯ ಉತ್ತಂಗಿ. ಮಂಗಳೂರಿನಲ್ಲಿ ದೇವಶಾಸ್ತ್ರ ಓದಿ ಬಾಸೆಲ್ ಮಿಷನ್ನಿನ ಸಭೆಗಳಲ್ಲಿ ಪಾದ್ರಿಯಾದರು. ಭಾನುವಾರದ ಆರಾಧನೆ, ಮದುವೆ, ಮಣ್ಣು, ಬಡವರ ಅಹವಾಲು, ಇವು ಅವರ ದಿನದ ಕೆಲಸ. ಅದರ ನಡುವೆ ವರ್ಷಗಟ್ಟಲೆ ಅವರು ಹಿಡಿದ ಇನ್ನೊಂದು ಕೆಲಸ ಸರ್ವಜ್ಞನ ವಚನಗಳನ್ನು ಕೂಡಿಹಾಕುವುದು.

ಸರ್ವಜ್ಞ ಶಿವಭಕ್ತ. ಅವನ ತ್ರಿಪದಿಗಳು ಜನರ ನಾಲಿಗೆಯ ಮೇಲಿದ್ದವು, ಆದರೆ ಒಂದೊಂದು ಸೀಮೆಯಲ್ಲಿ ಒಂದೊಂದು ರೀತಿ. ಒಬ್ಬರು ಹೇಳಿದ ಎರಡನೆಯ ಸಾಲು ಇನ್ನೊಬ್ಬರಿಗೆ ಗೊತ್ತಿಲ್ಲ. ಓಲೆಗರಿಯಲ್ಲಿ ಒಂದು ಪಾಠ, ಕಾಗದದ ಕಟ್ಟಿನಲ್ಲಿ ಮತ್ತೊಂದು. ಯಾರೋ ಕಟ್ಟಿದ ಪದ್ಯವೂ ಕೊನೆಗೆ ಸರ್ವಜ್ಞನ ಅಂಕಿತ ಹೊತ್ತು ಓಡಾಡುತ್ತಿತ್ತು. ಉತ್ತಂಗಿಯವರು ಊರೂರು ಕೇಳಿ, ಕೈಬರಹಗಳನ್ನು ಒಟ್ಟುಗೂಡಿಸಿ, ಒಂದಕ್ಕೊಂದು ಹೋಲಿಸಿ 1924ರಲ್ಲಿ ಗ್ರಂಥವಾಗಿ ಹೊರತಂದರು. ಇಂದು ಶಾಲೆಯ ಹುಡುಗರು ಸರ್ವಜ್ಞನನ್ನು ಪಾಠದಲ್ಲಿ ಓದುತ್ತಾರೆಂದರೆ ಆ ಸಂಗ್ರಹದ ಋಣ ಅದರ ಹಿಂದೆ ಇದೆ.

ಅವರು ಅಲ್ಲಿಗೇ ನಿಲ್ಲಲಿಲ್ಲ. ಸಿದ್ಧರಾಮ, ಆದಯ್ಯ, ಮೋಳಿಗೆ ಮಾರಯ್ಯ, ಇಂಥ ಶರಣರ ಸಾಹಿತ್ಯದ ಸಂಪಾದನೆಗೂ ಕೈಹಾಕಿದರು. ಬಸವೇಶ್ವರರು ಅಸ್ಪೃಶ್ಯರ ಏಳಿಗೆಗೆ ಏನು ಮಾಡಿದರೆಂಬುದನ್ನು ಬರೆದರು. ಅನುಭವ ಮಂಟಪ ನಿಜಕ್ಕೂ ಇತ್ತೇ ಎಂದು ಪಂಡಿತರಲ್ಲಿ ವಾದ ಎದ್ದಾಗ, ಇತ್ತು ಎಂದು ಆಧಾರ ಕೂಡಿಸಿ ಪುಸ್ತಕ ಬರೆದವರೂ ಈ ಪಾದ್ರಿಯೇ. ಇಷ್ಟೆಲ್ಲ ಮಾಡಿದ ಮನುಷ್ಯ ತನ್ನನ್ನು ಕರೆದುಕೊಂಡದ್ದು ‘ತಿರುಳ್ಗನ್ನಡದ ತಿರುಕ’ ಎಂದು. ಕೈಚಾಚಿ ಇಸಕೊಂಡವನು ಎಂಬ ಲೆಕ್ಕ.

ಒಬ್ಬ ಧರ್ಮಬೋಧಕ ಸಾಮಾನ್ಯವಾಗಿ ಕೊಡಲು ಬಂದವನು. ಅವನ ಹತ್ತಿರ ಸುವಾರ್ತೆ ಇದೆ, ಶಾಲೆ ಇದೆ, ದವಾಖಾನೆ ಇದೆ. ಎದುರಿಗಿದ್ದವರ ಹತ್ತಿರ ಏನೂ ಇಲ್ಲ ಎಂಬ ಎಣಿಕೆ ತನಗೇ ತಿಳಿಯದ ಹಾಗೆ ಒಳಗೆ ಕೂತುಬಿಡುತ್ತದೆ. ಉತ್ತಂಗಿಯವರು ಆ ಎಣಿಕೆಯನ್ನು ತಿರುವಿದರು. ಶೈವ ಕವಿಯ ಹತ್ತಿರ, ಲಿಂಗಾಯತ ಮಠಗಳ ಕಟ್ಟುಗಳ ಹತ್ತಿರ, ಹಾಡಿಕೊಂಡು ತಿರುಗುವವರ ಹತ್ತಿರ ಪಡೆಯಬೇಕಾದದ್ದು ಇದೆ ಎಂದು ನಂಬಿ ಹೋದರು. ಪಾದ್ರಿತನವನ್ನೇನೂ ಬಿಡಲಿಲ್ಲ. 1962ರಲ್ಲಿ ತೀರಿಕೊಂಡಾಗಲೂ ಅವರು ಕ್ರಿಸ್ತನ ಭಕ್ತರೇ.

ಕ್ರೈಸ್ತರು ಕೃಪೆ ಎಂದು ಯಾವುದನ್ನು ಕರೆಯುತ್ತಾರೋ ಅದಕ್ಕೂ ಇಸಕೊಳ್ಳುವ ಈ ಗುಣಕ್ಕೂ ಹತ್ತಿರದ ನಂಟಿದೆ. ಯೋಗ್ಯತೆ ನೋಡದೆ ದೇವರು ಕೊಡುವ ಕೊಡುಗೆ ಕೃಪೆ. ದುಡಿದು ಗಳಿಸಿದ್ದಾದರೆ ಅದು ಕೂಲಿಯಾಗುತ್ತದೆ ಎಂದು ಪೌಲನು ರೋಮಿನ ಸಭೆಗೆ ಬರೆದ ಪತ್ರದಲ್ಲಿ ವಾದಿಸುತ್ತಾನೆ. ತಾನೇ ಬಿಟ್ಟಿಯಾಗಿ ಪಡೆದವನು ಇನ್ನೊಬ್ಬರಿಗೆ ಮರ್ಯಾದೆ ಕೊಡುವಾಗ ಅವರ ಜಾತಿ ಯಾವುದು, ಜಮೀನು ಎಷ್ಟು, ಓದು ಎಲ್ಲಿಯವರೆಗೆ ಎಂದು ಕೇಳುವಂತಿಲ್ಲ. ಅದೇ ಪತ್ರದಲ್ಲಿ ಮುಂದೆ ಪೌಲನು ಒಬ್ಬರಿಗೊಬ್ಬರು ಗೌರವ ಕೊಡುವುದರಲ್ಲಿ ಮುಂದಾಗಿರಿ ಎಂಬರ್ಥದ ಮಾತು ಹೇಳಿದ್ದು ಈ ಕಾರಣಕ್ಕೆ.

ಸುವಾರ್ತೆಯ ಪುಸ್ತಕಗಳಲ್ಲಿ ಯೇಸುವಿನ ನಡೆ ಇನ್ನೂ ಒಂದು ಹೆಜ್ಜೆ ಮುಂದೆ. ಸಮಾರ್ಯ ಸೀಮೆಯ ಒಂದು ಬಾವಿಯ ಹತ್ತಿರ, ಉರಿ ಮಧ್ಯಾಹ್ನದಲ್ಲಿ, ನಡೆದು ದಣಿದ ಯೇಸು ಕೂತಿದ್ದಾನೆ. ನೀರು ಸೇದಲು ಒಬ್ಬ ಹೆಂಗಸು ಬರುತ್ತಾಳೆ. ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆ ಇಲ್ಲ. ಅವರ ಕೊಡದ ನೀರು ಇವರಿಗೆ ಆಗಿಬರುವುದಿಲ್ಲ. ಯೇಸು ಮೊದಲು ಮಾಡಿದ್ದು ಅವಳನ್ನು ನೀರು ಕೇಳಿದ್ದು. ಅವಳಿಗೇ ಅಚ್ಚರಿಯಾಯಿತು, ನೀನು ನನ್ನ ಕೈಯ ನೀರು ಕೇಳುವುದು ಹೇಗೆ ಎಂದಳು. ಉಪದೇಶ, ವಾದ, ಆತ್ಮದ ವಿಚಾರ ಎಲ್ಲ ಆಮೇಲೆ ಬಂದವು. ಯೆರಿಕೋ ಊರಿನಲ್ಲಿ ಸುಂಕದ ಜಕ್ಕಾಯನ ವಿಷಯದಲ್ಲೂ ಹೀಗೇ. ಊರೆಲ್ಲ ದೂರ ಇಟ್ಟಿದ್ದ ಮನುಷ್ಯನನ್ನು ಮರದಿಂದ ಇಳಿಸಿ, ಈ ಹೊತ್ತು ನಿನ್ನ ಮನೆಯಲ್ಲೇ ಇಳಿದುಕೊಳ್ಳುತ್ತೇನೆ ಎಂದನು.

ರಾಯಚೂರು ಸೀಮೆಯಲ್ಲಿ ಈ ಬಾವಿಯ ಕಥೆಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನಿಂದ ಕೊಡುವುದು ಇಲ್ಲಿ ಎಂದೂ ಕಷ್ಟವಾಗಿರಲಿಲ್ಲ. ಧಣಿಗಳ ಮನೆಯಿಂದ ಸುಗ್ಗಿಯಲ್ಲಿ ಜೋಳ ಹೋಗುತ್ತಿತ್ತು, ಹಬ್ಬಕ್ಕೆ ಹಳೆಯ ಬಟ್ಟೆ ಹೋಗುತ್ತಿತ್ತು, ಮಜ್ಜಿಗೆಯನ್ನು ಮೇಲಿನಿಂದ ಎತ್ತಿ ಹೊಯ್ಯುತ್ತಿದ್ದರು. ಕೇರಿಯಿಂದ ಒಂದು ತಂಬಿಗೆ ನೀರು ಇಸಕೊಂಡು ಕುಡಿಯುವುದೇ ಆಗದ ಮಾತು. ಚಹಾದ ಅಂಗಡಿಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುವ ಪದ್ಧತಿ ಬಹಳ ಊರುಗಳಲ್ಲಿ ನಡೆದು ಬಂತು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿತು. 1955ರಲ್ಲಿ ಅದಕ್ಕೆ ಶಿಕ್ಷೆಯ ಕಾಯ್ದೆ ಬಂತು, 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂತು. ಬೇರೆ ಲೋಟ ಹೋದ ಕಡೆ ಎಲ್ಲರಿಗೂ ಪ್ಲಾಸ್ಟಿಕ್ಕಿನ, ಕಾಗದದ ಕಪ್ಪು ಬಂದಿದೆ. ಕಪ್ಪು ಕಸದ ಬುಟ್ಟಿಗೆ ಹೋಗುತ್ತದೆ, ಯಾರ ಎಂಜಲನ್ನು ಯಾರು ತೊಳೆಯಬೇಕು ಎಂಬ ಪ್ರಶ್ನೆಯೂ ಅದರ ಜತೆಗೇ ಹೋಗುತ್ತದೆ, ಉತ್ತರ ಸಿಗದೆ.

ಮಾತಿನಲ್ಲೂ ಇದೇ ಇಳಿಜಾರು. ಅರವತ್ತು ದಾಟಿದ ಕೂಲಿಯವನನ್ನು ಹದಿನೈದರ ಹುಡುಗ ‘ಏ ಬಾರಲೇ’ ಎಂದು ಕರೆಯುತ್ತಾನೆ. ಆ ಹಿರಿಯ ‘ಬಂದ್ನಿರೀ ಧಣಿ’ ಎನ್ನುತ್ತಾನೆ. ಮರ್ಯಾದೆ ಕೆಳಗಿನಿಂದ ಮೇಲಕ್ಕೆ ಮಾತ್ರ ಹರಿಯುವ ವ್ಯವಸ್ಥೆ ಅದು. ಅದೇ ಹುಡುಗ ತನ್ನ ಓಣಿಯ ಮುದುಕನಿಗೆ ‘ಬರ್ರಿ ತಾತ, ಕುಂದರ್ರಿ’ ಎನ್ನುವುದನ್ನು ಮರೆತವನಲ್ಲ. ಹಿರಿಯರಿಗೆ ಮರ್ಯಾದೆ ಕೊಡಲು ಅವನಿಗೆ ಬರುತ್ತದೆ, ಯಾರನ್ನು ಹಿರಿಯರೆಂದು ಎಣಿಸಬೇಕು ಎಂಬುದನ್ನು ಮಾತ್ರ ಊರು ಅವನಿಗೆ ಬೇರೆ ಕಲಿಸಿದೆ.

ಯಾಕೋಬನ ಪತ್ರದ ಎರಡನೆಯ ಅಧ್ಯಾಯ ಓದಿದವರಿಗೆ ಅದು ಇಲ್ಲಿಯ ಊರಕಟ್ಟೆಯನ್ನು ನೋಡಿ ಬರೆದದ್ದೇ ಅನ್ನಿಸಬಹುದು. ಸಭೆ ಕೂಡಿದೆ. ಬಂಗಾರದ ಉಂಗುರದವನೊಬ್ಬ ಬರುತ್ತಾನೆ, ಕೊಳೆಬಟ್ಟೆಯವನೊಬ್ಬ ಬರುತ್ತಾನೆ. ಉಂಗುರಕ್ಕೆ ಒಳ್ಳೆಯ ಜಾಗ ಸಿಗುತ್ತದೆ. ಕೊಳೆಬಟ್ಟೆಗೆ ಅಲ್ಲೇ ನಿಲ್ಲು, ಇಲ್ಲವೇ ಕಾಲ ಹತ್ತಿರ ಕೂಡು ಎಂಬ ಅಪ್ಪಣೆ. ಹಾಗೆ ಮಾಡುವವರು ಕೆಟ್ಟ ಮನಸ್ಸಿನ ನ್ಯಾಯಾಧೀಶರು ಎಂದು ಯಾಕೋಬ ಗದರುತ್ತಾನೆ. ಅವನು ಗದರಿದ್ದು ಹೊರಗಿನವರನ್ನಲ್ಲ, ಕ್ರೈಸ್ತ ಸಭೆಯವರನ್ನೇ.

ಆ ಗದರಿಕೆಯ ಕೆಲಸ ಇನ್ನೂ ಮುಗಿದಿಲ್ಲ. ದಕ್ಷಿಣ ಭಾರತದಲ್ಲಿ ಹಲವು ಕಡೆ ಚರ್ಚಿನೊಳಗೆ ಜಾತಿಗೊಂದು ಸಾಲು, ಸ್ಮಶಾನದಲ್ಲಿ ಜಾತಿಗೊಂದು ಮೂಲೆ ಉಳಿದುಬಂದದ್ದನ್ನು ಕ್ರೈಸ್ತರೇ ಬರೆದು ಇಟ್ಟಿದ್ದಾರೆ. ಜಾತಿಯ ಭಾರ ತಾಳದೆ ಯೇಸುವಿನ ಹತ್ತಿರ ಬಂದ ಬಡ ಕುಟುಂಬಗಳಿಗೆ ಅಲ್ಲೂ ಹಿಂದಿನ ಸಾಲು ಸಿಕ್ಕರೆ, ಕೃಪೆಯ ಪ್ರಸಂಗ ಎಷ್ಟು ಚೆನ್ನಾಗಿದ್ದರೂ ಕಿವಿಗೆ ಇಳಿಯುವುದಿಲ್ಲ. ಮಿಷನ್ನುಗಳ ಚರಿತ್ರೆಯಲ್ಲೂ ಎರಡು ಮುಖ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜಾತ್ರೆಗಳಿಗೆ ಹೋಗಿ, ತೇರಿನ ಮುಂದೆ ನಿಂತು, ಜನರ ದೇವರನ್ನು ಹಳಿದು ಭಾಷಣ ಮಾಡಿದ ಪಾದ್ರಿಗಳು ಇದ್ದರು. ಅಂಥ ಬರಹಗಳನ್ನು ಅಚ್ಚು ಹಾಕಿಸಿ ಹಂಚಿದವರೂ ಇದ್ದರು.

ಅದೇ ಅಚ್ಚುಕೂಟಗಳಿಂದ ಬೇರೆ ತರಹದ ಪುಸ್ತಕಗಳೂ ಬಂದವು, ಅವುಗಳ ಕಥೆ ಮಾನ್ವಿ, ದೇವದುರ್ಗದ ಜನಕ್ಕೆ ಹತ್ತಿರದ್ದು.

ಜರ್ಮನಿಯ ಪಾದ್ರಿ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದ. 1843ರ ಜುಲೈ ಒಂದರಂದು ‘ಮಂಗಳೂರ ಸಮಾಚಾರ’ ಹೊರಡಿಸಿದ. ಕನ್ನಡದ ಮೊದಲ ಪತ್ರಿಕೆ ಅದು. ಮರುವರ್ಷ ಅದು ‘ಕನ್ನಡ ಸಮಾಚಾರ’ವಾಗಿ ಬಳ್ಳಾರಿಯಲ್ಲಿ ಅಚ್ಚಾಯಿತು. ಅವನ ದೊಡ್ಡ ಕೆಲಸ ಮಾತ್ರ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆ. ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಹಣ ಕೊಟ್ಟರು. 1848ರಿಂದ ಐದಾರು ವರ್ಷ ಆ ಮಾಲೆಯಲ್ಲಿ ಬಸವಪುರಾಣ, ಜೈಮಿನಿ ಭಾರತ ಮುಂತಾದವು ಕಲ್ಲಚ್ಚಿನಲ್ಲಿ ಬಂದವು. ಇವುಗಳಲ್ಲಿ ಒಂದೂ ಕ್ರೈಸ್ತ ಗ್ರಂಥವಲ್ಲ. ದಾಸರ ಪದಗಳೂ ಆ ಮಾಲೆಯಲ್ಲಿ ಅಚ್ಚಾದವು. ಅವುಗಳಲ್ಲಿ ಕೆಲವನ್ನು ಮೋಗ್ಲಿಂಗ್ ಜರ್ಮನ್ ಭಾಷೆಗೂ ತಂದ. ಈ ಕೆಲಸಕ್ಕಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು.

ಮೋಗ್ಲಿಂಗನಿಗೆ ಹಿಂದೂ ನಂಬಿಕೆಗಳ ಬಗ್ಗೆ ಆಕ್ಷೇಪಣೆ ಇರಲಿಲ್ಲವೆಂದಲ್ಲ. ಬೇಕಾದಷ್ಟಿತ್ತು, ಬರೆದೂ ಇದ್ದಾನೆ. ಆದರೂ ತಾನು ಒಪ್ಪದ ಹಾಡನ್ನು ಅಕ್ಷರ ತಪ್ಪದ ಹಾಗೆ ಅಚ್ಚು ಹಾಕಿಸಿದ. ಅವನ ನಂತರ ಬಂದ ಫರ್ಡಿನಾಂಡ್ ಕಿಟೆಲ್ ಕೇಶಿರಾಜನ ಶಬ್ದಮಣಿದರ್ಪಣವನ್ನು, ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿದ. ಎಪ್ಪತ್ತು ಸಾವಿರದಷ್ಟು ಪದಗಳ ನಿಘಂಟನ್ನು 1894ರಲ್ಲಿ ಮುಗಿಸಿದ. ಜೈನ ವ್ಯಾಕರಣಕಾರನ ಮುಂದೆ ಒಬ್ಬ ಕ್ರೈಸ್ತ ಪಾದ್ರಿ ವಿದ್ಯಾರ್ಥಿಯಾಗಿ ಕೂತದ್ದರ ಫಲ ಕನ್ನಡಕ್ಕೆ ಸಿಕ್ಕಿತು.

ಮೋಗ್ಲಿಂಗ್ ಕೈಯಿಟ್ಟ ದಾಸ ಪರಂಪರೆಯ ದೊಡ್ಡ ಕವಲು ಬೆಳೆದದ್ದು ಈ ಸೀಮೆಯಲ್ಲೇ. ವಿಜಯದಾಸರು ಮಾನ್ವಿ ತಾಲ್ಲೂಕಿನ ಚೀಕಲಪರವಿಯವರು. ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರುಕಲ್ಲಿನವರು. ‘ಹರಿಕಥಾಮೃತಸಾರ’ ಬರೆದ ಜಗನ್ನಾಥದಾಸರು ಹುಟ್ಟಿದ್ದು ಮಾನ್ವಿ ತಾಲ್ಲೂಕಿನ ಬ್ಯಾಗವಾಟದಲ್ಲಿ, ಬಾಳಿದ್ದು ಮಾನ್ವಿಯಲ್ಲಿ. ಈ ಮೂವರನ್ನು ಹೆಣೆಯುವ ಕಥೆಯೊಂದು ಪರಂಪರೆಯಲ್ಲಿ ನಡೆದು ಬಂದಿದೆ, ಮಾನ್ವಿಯಲ್ಲಿ ಹಿರಿಯರು ಇಂದಿಗೂ ಹೇಳುತ್ತಾರೆ.

ಜಗನ್ನಾಥದಾಸರು ದಾಸರಾಗುವ ಮೊದಲು ಶ್ರೀನಿವಾಸಾಚಾರ್ಯರು, ಸಂಸ್ಕೃತದಲ್ಲಿ ಘನ ಪಂಡಿತರು. ಕನ್ನಡದಲ್ಲಿ ಪದ ಹಾಡುವ ದಾಸರೆಂದರೆ ಅವರಿಗೆ ಸಸಾರ. ವಿಜಯದಾಸರು ಮಾನ್ವಿಗೆ ಬಂದು ಊಟಕ್ಕೆ ಕರೆದರು. ಪಂಡಿತರು ಹೋಗಲಿಲ್ಲ, ಹೊಟ್ಟೆನೋವು, ತಡವಾಗಿ ಉಣ್ಣಲಾಗದು ಎಂದು ನೆಪ ಹೇಳಿ ಕಳಿಸಿದರು. ಆಮೇಲೆ ಹೊಟ್ಟೆನೋವು ನಿಜವಾಗಿಯೇ ಹಿಡಿಯಿತು, ಯಾವ ಔಷಧಕ್ಕೂ ಜಗ್ಗಲಿಲ್ಲ. ಅಲ್ಲಿ ಇಲ್ಲಿ ಅಲೆದು ಕೊನೆಗೆ ವಿಜಯದಾಸರ ಹತ್ತಿರವೇ ಬಂದರು. ಅವರು ಶಿಷ್ಯ ಗೋಪಾಲದಾಸರ ಹತ್ತಿರ ಕಳಿಸಿದರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷವನ್ನು ತೆಗೆದು, ಜೋಳದ ಭಕ್ಕರಿಯಲ್ಲಿಟ್ಟು ಕೊಟ್ಟರೆಂದು ಕಥೆ. ಪಂಡಿತರು ಅದನ್ನು ಉಂಡು ಉಳಿದರು.

ಕ್ರೈಸ್ತ ಶ್ರೋತೃಗಳಿಗೆ ಈ ಕಥೆ ತೀರ ಪರಿಚಿತವೆನ್ನಿಸುತ್ತದೆ. ಅವಮಾನ ಮಾಡಿದವನಿಗೇ ಸಿಕ್ಕ ಬದುಕು, ಗಳಿಸದೆ ಪಡೆದ ನಲವತ್ತು ವರ್ಷ. ಎರಡು ಧರ್ಮಗಳ ತತ್ತ್ವವನ್ನು ಒಂದೇ ಎಂದು ಬೆರೆಸುವ ಅಗತ್ಯ ಇಲ್ಲ. ದಾಸರು ನಂಬಿದ ಮಧ್ವರ ಮತದಲ್ಲಿ ಈ ಕಥೆಗೆ ಅದರದೇ ಅರ್ಥವಿದೆ. ಆದರೆ ಕಥೆಯ ಎರಡು ತುದಿಗಳಲ್ಲೂ ಊಟವೇ ಇದೆ ಎಂಬುದನ್ನು ಗಮನಿಸಬೇಕು. ಪಂಡಿತರ ತಪ್ಪು ಕೊಡದೆ ಇದ್ದದ್ದಲ್ಲ. ದಾಸರು ನೀಡಿದ್ದನ್ನು ಬೇಡವೆಂದದ್ದು. ಗುಣವಾದದ್ದೂ ಕೈಯೊಡ್ಡಿ ಭಕ್ಕರಿ ಇಸಕೊಂಡಾಗ. ಮುಂದೆ ಅದೇ ಪಂಡಿತರು ಕನ್ನಡದಲ್ಲೇ, ಭಾಮಿನಿ ಷಟ್ಪದಿಯಲ್ಲಿ, ದಾಸ ಸಾಹಿತ್ಯದ ಮೇರು ಕೃತಿ ಬರೆದರು.

ಇನ್ನೊಬ್ಬರ ಧರ್ಮಕ್ಕೆ ಗೌರವ ಕೊಡುವ ಮಾತು ಈ ನೆಲಕ್ಕೆ ಹೊಸದಲ್ಲ. 1915ರಲ್ಲಿ ಚಿನ್ನದ ಗಣಿಗೆ ಜಾಗ ಹುಡುಕುತ್ತಿದ್ದ ಇಂಜಿನಿಯರ್ ಬೀಡನ್, ರಾಯಚೂರು ಸೀಮೆಯ ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವನ್ನು ಕಂಡ. ಅದರಲ್ಲಿ ಅಶೋಕನ ಹೆಸರೇ ಇತ್ತು, ಹಾಗಾಗಿ ಅದು ದೇಶದ ಚರಿತ್ರೆಗೆ ದೊಡ್ಡ ಸಾಕ್ಷಿಯಾಯಿತು. ಶಾಸನದ ಒಳಗಿನ ಮಾತು ಅಷ್ಟು ಪ್ರಸಿದ್ಧವಲ್ಲ: ಧರ್ಮದಿಂದ ಸಿಗುವ ಎತ್ತರ ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ, ಶ್ರದ್ಧೆ ಇದ್ದರೆ ಸಣ್ಣವನೂ ಅದನ್ನು ಮುಟ್ಟಬಲ್ಲ ಎಂಬುದು ಅದರ ತಿರುಳು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕ ಕಲ್ಲಿನ ಮೇಲೆ ಅಶೋಕನ ಹನ್ನೆರಡನೆಯ ಶಾಸನದ ಭಾಗವಿದೆ. ತನ್ನ ಪಂಥವನ್ನು ಹೊಗಳಲು ಇನ್ನೊಬ್ಬರ ಪಂಥವನ್ನು ತೆಗಳುವವನು ತನ್ನದಕ್ಕೇ ಕೇಡು ಮಾಡುತ್ತಾನೆ, ಇನ್ನೊಬ್ಬರು ಹೇಳುವುದನ್ನು ಕೇಳಿಸಿಕೊಳ್ಳಬೇಕು ಎಂದು ಆ ಶಾಸನ ಹೇಳುತ್ತದೆ.

ಕೇಳಿಸಿಕೊಂಡ ಅರಸರು ಆಮೇಲೂ ಬಂದರು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಗೋವೆಯ ಕಡೆಯಿಂದ ಬಂದ ಪಾದ್ರಿಗಳು ಕಟ್ಟಿದ ಚರ್ಚು 1557ಕ್ಕಿಂತ ಹಿಂದಿನದೆಂದು ಹಳೆಯ ಗೆಜೆಟಿಯರು ನಮೂದಿಸುತ್ತದೆ. ಅದು ವಿಜಯಪುರದ ಆದಿಲ್‌ಶಾಹಿ ಸುಲ್ತಾನರು ಆಳಿದ ಸೀಮೆ. ಮುಸ್ಲಿಂ ಅರಸರ ನೆರಳಿನಲ್ಲಿ ಬೇರೂರಿದ ಕ್ರೈಸ್ತ ಕುಟುಂಬಗಳು ಕನ್ನಡವಾಡುತ್ತ ಇಂದಿಗೂ ಅಲ್ಲಿವೆ. ಮುದಗಲ್ಲಿನ ಮೊಹರಂಗೆ ಹಿಂದೂಗಳು ಹರಕೆ ಹೊತ್ತು ಬರುತ್ತಾರೆ. ಅಲ್ಲಿಯ ಕ್ರೈಸ್ತ ಸಮುದಾಯ ಇಷ್ಟು ಶತಮಾನ ಉಳಿದದ್ದರಲ್ಲಿ ನೆರೆಹೊರೆಯವರ ಕೈಯಿಂದ ಪಡೆದದ್ದರ ಪಾಲು ಬಹಳ.

ಕೇಳುವುದನ್ನೇ ಒಂದು ಕ್ರಮವಾಗಿ ಮಾಡಿದವರು ಅಮೆರಿಕದ ಮೆಥೋಡಿಸ್ಟ್ ಮಿಷನರಿ ಸ್ಟ್ಯಾನ್ಲಿ ಜೋನ್ಸ್. 1907ರಲ್ಲಿ ಭಾರತಕ್ಕೆ ಬಂದ ಅವರು ಗಾಂಧೀಜಿಯ ಸ್ನೇಹಿತರಾದರು. 1920ರ ದಶಕದಲ್ಲಿ ಅವರು ನಡೆಸಿದ ‘ದುಂಡುಮೇಜಿನ’ ಕೂಟಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ, ಪಾರ್ಸಿ, ನಾಸ್ತಿಕ ಎಲ್ಲರೂ ವರ್ತುಲವಾಗಿ ಕೂಡುತ್ತಿದ್ದರು. ವಾದ ಮಾಡುವಂತಿಲ್ಲ, ಉಪದೇಶ ಮಾಡುವಂತಿಲ್ಲ. ಧರ್ಮವು ತನ್ನ ಬದುಕಿನಲ್ಲಿ ಏನು ಮಾಡಿದೆ, ಏನು ಮಾಡಿಲ್ಲ ಎಂಬುದನ್ನು ಒಬ್ಬೊಬ್ಬರೇ ಹೇಳಬೇಕು, ಉಳಿದವರು ಕೇಳಬೇಕು. ಜೋನ್ಸ್ ಕ್ರಿಸ್ತನ ಬಗ್ಗೆ ತಮಗಿದ್ದ ಖಚಿತವನ್ನು ಎಂದೂ ಮುಚ್ಚಿಡಲಿಲ್ಲ. ಅದನ್ನು ಹೇಳುವ ಸರದಿ ಬರುವವರೆಗೆ ಕಾದರು. ಗಾಂಧೀಜಿಯ ಬಗ್ಗೆ ಅವರು ಬರೆದ ಪುಸ್ತಕ ಮುಂದೆ ಮಾರ್ಟಿನ್ ಲೂಥರ್ ಕಿಂಗ್ ಅವರ ಕೈಗೂ ಹೋಯಿತು.

ಗೌರವವೆಂದರೆ ಎಲ್ಲಕ್ಕೂ ತಲೆಯಾಡಿಸುವುದು ಎಂದು ತಿಳಿದವರಿಗೆ ಈ ಕೂಟಗಳು ಬೇರೆ ದಾರಿ ತೋರಿಸುತ್ತವೆ. ಪೇತ್ರನ ಪತ್ರದಲ್ಲಿ ಒಂದು ಬುದ್ಧಿವಾದವಿದೆ: ನಿನ್ನ ನಂಬಿಕೆಗೆ ಕಾರಣ ಕೇಳಿದವರಿಗೆ ಉತ್ತರ ಕೊಡಲು ಸಿದ್ಧನಾಗಿರು, ಆದರೆ ಸಾತ್ವಿಕವಾಗಿ, ಮರ್ಯಾದೆಯಿಂದ. ಉತ್ತರ ಬೇಡವೆಂದು ಪೇತ್ರ ಹೇಳಲಿಲ್ಲ. ಉತ್ತಂಗಿಯವರು ಸರ್ವಜ್ಞನನ್ನು ಸಂಪಾದಿಸುವಾಗ ತಮಗೆ ಒಪ್ಪದ ತ್ರಿಪದಿಗಳನ್ನು ತೆಗೆದುಹಾಕಿದ್ದರೆ, ಅಥವಾ ಕ್ರೈಸ್ತರಿಗೆ ಹಿತವಾಗುವಂತೆ ತಿದ್ದಿದ್ದರೆ, ಆ ಪುಸ್ತಕಕ್ಕೆ ಬೆಲೆ ಉಳಿಯುತ್ತಿರಲಿಲ್ಲ.

ಇಸಕೊಳ್ಳುವುದು ಎಷ್ಟು ಕಷ್ಟವೆಂಬುದಕ್ಕೆ ಪೇತ್ರನೇ ಸಾಕ್ಷಿ. ಕೊನೆಯ ರಾತ್ರಿಯ ಊಟದಲ್ಲಿ ಯೇಸು ಎದ್ದು, ಸೊಂಟಕ್ಕೆ ವಸ್ತ್ರ ಸುತ್ತಿ, ಬೋಗುಣಿ ಹಿಡಿದು ಶಿಷ್ಯರ ಕಾಲು ತೊಳೆಯತೊಡಗಿದ. ಪೇತ್ರ ಒಪ್ಪಲಿಲ್ಲ. ಗುರುವಿನ ಕಾಲನ್ನು ಶಿಷ್ಯ ತೊಳೆಯುವುದು ಗೊತ್ತು, ಇದು ಯಾವ ಪದ್ಧತಿ? ಪಾದಪೂಜೆ ಕಂಡ ಕನ್ನಡ ನಾಡಿನವರಿಗೆ ಪೇತ್ರನ ಸಂಕೋಚ ಚೆನ್ನಾಗಿ ಅರ್ಥವಾಗುತ್ತದೆ. ತೊಳೆಯಿಸಿಕೊಳ್ಳದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲ ಎಂದು ಯೇಸು ಹೇಳಿದ ಮೇಲೆಯೇ ಅವನು ಕಾಲು ಚಾಚಿದ್ದು.

ಕಥೋಲಿಕ ಚರ್ಚುಗಳಲ್ಲಿ ಈಸ್ಟರಿನ ಮುಂಚಿನ ಪವಿತ್ರ ಗುರುವಾರ ಇದನ್ನು ಆಚರಿಸುತ್ತಾರೆ. ಬಹುಕಾಲ ಅದು ಹನ್ನೆರಡು ಗಂಡಸರ ಕಾಲು ತೊಳೆಯುವ ವಿಧಿಯಾಗಿತ್ತು. 2013ರಲ್ಲಿ ಆಗಷ್ಟೇ ಆಯ್ಕೆಯಾಗಿದ್ದ ಪೋಪ್ ಫ್ರಾನ್ಸಿಸ್ ರೋಮ್ ನಗರದ ಬಾಲಾಪರಾಧಿಗಳ ಬಂದೀಖಾನೆಗೆ ಹೋದರು. ಅಲ್ಲಿ ಅವರು ಕಾಲು ತೊಳೆದ ಹನ್ನೆರಡು ಮಂದಿಯಲ್ಲಿ ಇಬ್ಬರು ಹೆಣ್ಣುಮಕ್ಕಳು, ಮುಸ್ಲಿಮರೂ ಇದ್ದರು. 2016ರ ಜನವರಿಯಲ್ಲಿ ಹೆಂಗಸರ ಕಾಲನ್ನೂ ತೊಳೆಯಬಹುದೆಂದು ವ್ಯಾಟಿಕನ್ ವಿಧಿಯನ್ನೇ ಬದಲಿಸಿತು. ಎರಡು ಸಾವಿರ ವರ್ಷದ ಸಂಪ್ರದಾಯಕ್ಕೂ ಮರ್ಯಾದೆಯ ಬಾಗಿಲನ್ನು ಇನ್ನಷ್ಟು ತೆರೆಯಲು ಜಾಗ ಇತ್ತು.

ಮಾನ್ವಿಯಲ್ಲಿ ಜೆಸ್ಯೂಟ್ ಪಾದ್ರಿಗಳು ನಡೆಸುವ ಲೊಯೋಲ ಶಾಲೆಯಲ್ಲಿ ಮನೆಯಲ್ಲಿ ಮೊದಲ ಬಾರಿಗೆ ಅಕ್ಷರ ಕಲಿಯುತ್ತಿರುವ ದಲಿತ ಮಕ್ಕಳು ಓದುತ್ತಾರೆ. ರಾಯಚೂರಿನಲ್ಲಿ ಮೆಥೋಡಿಸ್ಟ್ ಸಭೆಯವರಿದ್ದಾರೆ. ಕ್ರೈಸ್ತರು ಈ ಜಿಲ್ಲೆಗೆ ಕೊಟ್ಟದ್ದು ಇದೆ, ಕೊಡುತ್ತಲೂ ಇದ್ದಾರೆ. ಆ ಶಾಲೆಯ ಹುಡುಗನ ತಾಯಿ ತನ್ನ ಗುಡಿಸಲಿನಲ್ಲಿ ಚಹಾ ಮಾಡಿ ಕೊಟ್ಟಾಗ ಮಾಸ್ತರರು, ಊರ ಗೌಡರು, ಆಫೀಸಿನ ಸಾಹೇ‌ಬರು ‘ಈಗ ಬ್ಯಾಡವ್ವ, ಈಗಷ್ಟೇ ಆತು’ ಎಂದು ಎದ್ದುಬಿಟ್ಟರೆ ಅವಳಿಗೆ ಅರ್ಥವಾಗದೆ ಇರುವುದಿಲ್ಲ. ಮಾನ್ವಿಯ ಪಂಡಿತರ ಹೊಟ್ಟೆನೋವು ಅವಳು ಬಹಳ ಸಲ ಕಂಡ ಕಾಯಿಲೆ.

ಇಸಕೊಳ್ಳುವ ಕೈಗೆ ಪರೀಕ್ಷೆ ದಿನಾ ನಡೆಯುವ ಜಾಗ ಒಂದಿದೆ: ಶಾಲೆಯ ಬಿಸಿಯೂಟ. ಅದನ್ನು ಕೊಡುವ ಅಕ್ಷರ ದಾಸೋಹ ಯೋಜನೆ ರಾಜ್ಯದಲ್ಲಿ ಮೊದಲು ಶುರುವಾದದ್ದು 2002ರಲ್ಲಿ, ರಾಯಚೂರನ್ನೂ ಸೇರಿಸಿ ಉತ್ತರದ ಏಳು ಜಿಲ್ಲೆಗಳಲ್ಲಿ. ಎರಡು ವರ್ಷದ ಮೇಲೆ, 2004ರ ಏಪ್ರಿಲ್‌ನಲ್ಲಿ, ಬಿಸಿಯೂಟದ ಅಡುಗೆಯವರನ್ನು ನೇಮಿಸುವಾಗ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಬೇಕೆಂದು ಸುಪ್ರೀಂ ಕೋರ್ಟು ಆದೇಶ ಮಾಡಿತು. ಆ ಆದೇಶದ ಹಿಂದಿನ ಲೆಕ್ಕ ಸರಳ: ಮಕ್ಕಳು ದಿನಾ ಆ ಕೈಯ ಅನ್ನ ಉಂಡು ಬೆಳೆದರೆ ಬೇರೆ ಲೋಟದ ಪದ್ಧತಿಗೆ ಮುಂದಿನ ತಲೆಮಾರಿನಲ್ಲಿ ಆಳು ಸಿಗುವುದಿಲ್ಲ. ಕರ್ನಾಟಕದ ಹಲವು ಊರುಗಳಲ್ಲಿ ದಲಿತ ಹೆಂಗಸು ಅಡುಗೆಗೆ ಬಂದ ದಿನವೇ ತಂದೆ ತಾಯಂದಿರು ಮಕ್ಕಳಿಗೆ ಬುತ್ತಿ ಕಟ್ಟಿ ಕಳಿಸಿದ, ಬೇರೆ ಶಾಲೆಗೆ ಹೆಸರು ಬರೆಸಿದ ಪ್ರಕರಣಗಳು ಪತ್ರಿಕೆಗಳಲ್ಲಿ ಬಂದಿವೆ. ಮಕ್ಕಳು ತಾವಾಗಿ ತಟ್ಟೆ ಸರಿಸಿದವರಲ್ಲ.

ಬಿಸಿಯೂಟದ ನಿಯಮಗಳಲ್ಲಿ ಒಂದು ಸಣ್ಣ ಕಲಂ ಇದೆ. ಮಕ್ಕಳಿಗೆ ಬಡಿಸುವ ಮೊದಲು ಇಬ್ಬರು ಮೂವರು ದೊಡ್ಡವರು ಆ ಊಟವನ್ನು ಉಂಡು ನೋಡಬೇಕು, ಅವರಲ್ಲಿ ಒಬ್ಬರಾದರೂ ಶಿಕ್ಷಕರಾಗಿರಬೇಕು ಎಂದು ಅದು ಹೇಳುತ್ತದೆ. ಅನ್ನ ಹಳಸಿದೆಯೇ, ಬೇಳೆ ಬೆಂದಿದೆಯೇ ಎಂದು ನೋಡುವುದಕ್ಕೆ ಬರೆದ ನಿಯಮ ಅದು. ಶಿಕ್ಷಕರ ಜತೆ ಉಳಿದ ಒಂದಿಬ್ಬರ ಜಾಗಕ್ಕೆ ಊರಿನ ಯಾವ ಹಿರಿಯರು ಬಂದರೂ ನಡೆಯುತ್ತದೆ: ಶಾಲಾಭಿವೃದ್ಧಿ ಸಮಿತಿಯವರು, ಪಂಚಾಯ್ತಿ ಸದಸ್ಯರು, ಗುಡಿಯ ಪೂಜಾರಿ, ಮಸೀದಿಯ ಮೌಲವಿ, ಸಭೆಯ ಪಾದ್ರಿ. ಮಧ್ಯಾಹ್ನ ಒಂದು ತಾಸಿನ ಕೆಲಸ. ಗುಂಜಹಳ್ಳಿಯಲ್ಲಾಗಲಿ ಮಾನ್ವಿಯಲ್ಲಾಗಲಿ, ಅಡುಗೆಯಾಕೆ ಮೊದಲ ಸೌಟು ಎತ್ತುವ ಹೊತ್ತಿಗೆ ತಟ್ಟೆ ಹಿಡಿದು ಅಲ್ಲಿ ಕೂತಿರಲು ಇವರಲ್ಲಿ ಯಾರು ಹೊರಡುತ್ತಾರೆ ಎಂಬುದನ್ನು ಆಯಾ ಊರಿನವರೇ ಮಾತಾಡಿ ಗೊತ್ತುಮಾಡಿಕೊಳ್ಳಬಹುದು.